ತೊಟ್ಟಿಲ ಗೆರೆ

ಮತ್ತೆ ಅದೇ ಎರಡು ಗೆರೆ, ಪರದೆಯ ಮೇಲೆ ಒಂದರ ಮೈಮೇಲೊಂದು ಮಲಗಿವೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಅಂದರೆ ಕಾಲು ಸರಿಯಾಗಿದೆ, ಮಗಳ ಓಟದ ಕಾಲು, ಕಾರ್ಬನ್ ನಾರಿನ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಅಂಟು ಕುಡಿಸಿ ಬೇಯಿಸಿ ಅವನೇ ಕೈಯಾರೆ ಬಾಗಿಸಿದ ಕಾಲು — ಸರಿಯಾಗಿದ್ದರೆ ಬೆಳಿಗ್ಗೆ ಅವಳು ಜಿಗಿದಾಗ ಚಟ್ ಎಂದಿದ್ದೇನು, ಕಲ್ಲಿರಬಹುದು, ಬೂಟಿನಡಿ ಸಿಕ್ಕ ಕಡ್ಡಿ ಇರಬಹುದು, ಹೆತ್ತವರ ಕಣ್ಣಿಗೆ ಹಗ್ಗವೂ ಹಾವೇ, ಹೊರಗಿನ ಕೋಣೆಯಿಂದ ಅವಳು ಕೂಗುತ್ತಿದ್ದಾಳೆ, ಅಪ್ಪಾ ಆಯ್ತಾ, ಬಸ್ಸು ಹೋಗುತ್ತೆ, ಆಯ್ತು ಕಣೆ ಒಂದ್ನಿಮಿಷ, ನಿನ್ನ ಒಂದ್ನಿಮಿಷದಲ್ಲಿ ನಾನು ಮುದುಕಿ ಆಗ್ತೀನಿ, ಮಾತಿಗೆ ಮಾತು, ಥೇಟ್ ಅವಳಮ್ಮನೇ. ಇವತ್ತು ಸಂಜೆ ಗೆದ್ದರೆ ತಂಡಕ್ಕೆ ಸೇರುತ್ತಾಳೆ, ಸೋತರೆ ಮತ್ತೆರಡು ವರ್ಷ ಕಾಯಬೇಕು, ಕಾಲು ಓಟದ ನಡುವೆ ಮುರಿದರೆ — ಬೇಡ, ಬಿಡ್ತು ಅನ್ನು, ಅವನು ಬಟ್ಟೆಯಿಂದ ಕಾಲನ್ನು ಮತ್ತೊಮ್ಮೆ ಒರೆಸಿದ, ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಒಂದು ಗೀರಿಲ್ಲ, ಇದರ ಕೇಡೇ ಅದು, ಕಬ್ಬಿಣ ಪೆಟ್ಟು ತಿಂದರೆ ತಗ್ಗು ತೋರಿಸಿ ಅಳುತ್ತದೆ, ಇದು ಮೇಲೆ ನಗುನಗುತ್ತಾ ಒಳಗೊಳಗೇ ಪದರ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಅಲ್ಲವೇ ಕಾಲಿಗೆ ಅಂಟಿಸಿದ ಈ ಬಿಲ್ಲೆಗಳು, ಎಡ ಅಂಚಿಗೆರಡು, ಬಲ ಅಂಚಿಗೆರಡು, ಮೇಲಿನದು ಕಿವಿಗೆ ಕೇಳಿಸದ ಸದ್ದನ್ನು ಬಿಡುತ್ತದೆ, ಸದ್ದು ಕಾಲಿನ ಉದ್ದಕ್ಕೂ ಅಲೆಯಾಗಿ ಹರಿಯುತ್ತದೆ, ಕೆಳಗಿನದು ಕೇಳಿಸಿಕೊಳ್ಳುತ್ತದೆ, ದಾರಿಯಲ್ಲಿ ಪದರ ಬಿಟ್ಟಿದ್ದರೆ ಅಲೆ ತಡವರಿಸುತ್ತದೆ, ಸೊರಗಿ ತಡವಾಗಿ ಬರುತ್ತದೆ, ಅದನ್ನು ಮೊದಲ ದಿನ ಬರೆದಿಟ್ಟ ಗೆರೆಯ ಪಕ್ಕ ಇಟ್ಟು ನೋಡುವುದು, ಈ ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ತೊಟ್ಟಿಲ ಗೆರೆ ಅನ್ನುತ್ತಾರೆ, ಕಾಲು ಯಾರ ಭಾರವನ್ನೂ ಹೊರುವ ಮೊದಲೇ ಬರೆದುಕೊಳ್ಳಬೇಕಾದ ಗೆರೆ, ಅದಿಲ್ಲದೆ ಯಾವ ಕಾಲೂ ಬಾಗಿಲು ದಾಟುವಂತಿಲ್ಲ.

ದಾಟುವಂತಿಲ್ಲ — ಆದರೆ ಇದು ದಾಟಿತ್ತು. ಕೈಯಲ್ಲಿನ ಬಟ್ಟೆ ನಿಂತಿತು. ಕಾಲು ಸಿದ್ಧವಾದ ದಿನ ಅವಳು ಗೋಗರೆದಿದ್ದಳು, ಅಪ್ಪಾ ಒಂದೇ ಒಂದು ರಾತ್ರಿ ಮನೇಲಿಟ್ಕೋತೀನಿ, ಹಾಕ್ಕೊಳಲ್ಲ, ಬರೀ ನೋಡ್ತೀನಿ, ಬೆಳಿಗ್ಗೆ ತಂದ್ಕೊಡ್ತೀನಿ, ಆ ಮುಖ ನೋಡಿದ ಮೇಲೆ ಇಲ್ಲ ಅನ್ನಲು ಅವನೇನು ಕಲ್ಲೇ, ಊರಿಗೆಲ್ಲ ನಿಯಮ ಹೇಳುವವನು ಮಗಳ ಮುಂದೆ ಬೆಣ್ಣೆ, ಒಯ್ದಳು, ಬೆಳಿಗ್ಗೆ ತಂದಳು, ಎಂದೂ ಇಲ್ಲದವಳು ಒಳ್ಳೆ ಹುಡುಗಿಯ ಹಾಗೆ ಒರೆಸಿ ಪೆಟ್ಟಿಗೆಗೆ ಹಾಕಿ ತಂದಳು, ಆಮೇಲೆ ಅವನು ಬಿಲ್ಲೆ ಅಂಟಿಸಿದ, ಆಮೇಲೆ ತೊಟ್ಟಿಲ ಗೆರೆ ಬರೆದ. ಹಾಗಾದರೆ ಇವತ್ತಿನ ಗೆರೆಯನ್ನು ಅದರ ಪಕ್ಕ ಇಟ್ಟು ಏನು ಪ್ರಯೋಜನ, ಪೆಟ್ಟು ಅದಕ್ಕೂ ಮೊದಲೇ ಬಿದ್ದಿದ್ದರೆ ಎರಡೂ ಒಂದೇ ಸುಳ್ಳನ್ನು ಒಂದೇ ರಾಗದಲ್ಲಿ ಹೇಳುತ್ತವೆ, ಇವತ್ತಿನದನ್ನು ಬಿಡು, ಮೊದಲ ದಿನದ್ದನ್ನೇ ತೆಗೆ, ಎಡ ಅಂಚಿನ ಅಲೆ, ಬಲ ಅಂಚಿನ ಅಲೆ, ಎರಡೂ ಕಡೆ ಅಷ್ಟೇ ಪದರ, ಅಷ್ಟೇ ದೂರ, ಜೊತೆಜೊತೆಗೇ ಬರಬೇಕು, ಎಡಗಡೆಯದು ಬಂತು, ಬಲಗಡೆಯದು — ಬರಲಿಲ್ಲ, ಇನ್ನೂ ಬರಲಿಲ್ಲ, ಬಂತು, ಸೊರಗಿ, ತಡವಾಗಿ. ಬಿಲ್ಲೆಯ ಅಂಟಿನ ತಪ್ಪೇನೋ ಎಂದು ಕೆಳಗಿನದರಿಂದ ಸದ್ದು ಬಿಟ್ಟು ಮೇಲಿನದರಲ್ಲಿ ಕೇಳಿದ, ಆಗಲೂ ಅಷ್ಟೇ ತಡ. ಆ ರಾತ್ರಿ ಹಾಕಿಕೊಂಡಿದ್ದಾಳೆ, ಮೆಟ್ಟಿಲ ಮೇಲೆ ಬಿದ್ದಿದ್ದಾಳೆ, ಮೆಟ್ಟಿಲೇ ಇರಬೇಕು, ಅಂದಿನಿಂದ ತಾನೇ ಅವಳು ಮೆಟ್ಟಿಲನ್ನು ಅಡ್ಡಡ್ಡ ಇಳಿಯುವುದು, ಅವಳು ಮೊದಲಿಂದಲೂ ಹಾಗೇ ಎಂದುಕೊಂಡುಬಿಟ್ಟಿದ್ದ, ಎಂಥ ಅಪ್ಪ ನೀನು, ಕಾಲಿನ ಉದ್ದಗಲ ಕೇಳಿದೆ, ಮಗಳನ್ನು ಕೇಳಲಿಲ್ಲ.

ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಒಂದೇ ಕಾಲಲ್ಲಿ, ಎಡಗೈ ಬಾಗಿಲ ಚೌಕಟ್ಟಿನ ಮೇಲೆ — ಆಸ್ಪತ್ರೆಯಿಂದ ಬಂದ ದಿನವೂ ಹೀಗೇ ನಿಂತಿದ್ದಳು, ಪುಟ್ಟವಳು, ಡಾಕ್ಟರು ಕಾಲು ಬೇಕೋ ಮಗು ಬೇಕೋ ಅಂದಿದ್ದರು, ಅವನು ಸಹಿ ಹಾಕಿ ಬಂದಿದ್ದ, ಎತ್ತಿಕೊಳ್ಳಲು ಹೋದರೆ ಬೇಡ, ನಾನೇ ಬರ್ತೀನಿ ಎಂದು ಚೌಕಟ್ಟು ಹಿಡಿದೇ ನಿಂತಿದ್ದಳು, ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಏನಪ್ಪಾ, ದೆವ್ವ ನೋಡಿದ ಹಾಗೆ ನೋಡ್ತೀಯ. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ, ಅವಳಿಗೆ ಹೇಳಿಕೊಡಬೇಕಿಲ್ಲ, ಈ ಕೋಣೆಯಲ್ಲೇ ಆಡಿ ಬೆಳೆದವಳು, ಎರಡು ಅಲೆಗಳನ್ನು ನೋಡಿದಳು, ನಗು ಹೋಯಿತು. ಎಲ್ಲಿ ಬಿದ್ದೆ ಮಗಳೇ, ಮೆಟ್ಟಿಲಲ್ಲಿ, ಪೆಟ್ಟಾಯ್ತಾ, ಕಾಲಿಗೇನೂ ಆಗಿಲ್ಲ ಅಂದ್ಕೊಂಡೆ, ಕಾಲಿಗಲ್ಲ ಕಣೆ ನಿನಗೆ, ಅವಳು ಸೊಂಟ ಮುಟ್ಟಿಕೊಂಡಳು, ಹೇಳಿದ್ರೆ ಓಡೋಕೆ ಬಿಡ್ತಿದ್ಯಾ ನೀನು, ಇಷ್ಟು ದಿನ ತಡೆದಿದೆಯಲ್ಲ, ಇವತ್ತೊಂದು ಓಟ ತಡೆಯುತ್ತೆ, ಒಂದೇ ಓಟ ಅಪ್ಪಾ, ನಿನ್ನ ದಮ್ಮಯ್ಯ. ತಡೆದರೂ ತಡೆಯಬಹುದು, ಅಲೆ ಪೆಟ್ಟಿನ ಜಾಗ ಹೇಳೀತು, ಮುರಿಯುವ ಗಳಿಗೆ ಹೇಳುವುದಿಲ್ಲ, ಅವಳು ಅಷ್ಟು ವೇಗದಲ್ಲಿರುವಾಗ, ಮೈಭಾರವೆಲ್ಲ ಇದೊಂದರ ಮೇಲಿರುವಾಗ — ಇಲ್ಲ, ಇಲ್ಲ, ಬೇರೆ ಕಾಲು ಮಾಡುತ್ತೇನೆ, ಎರಡು ವರ್ಷ ಹೋಗಲಿ, ಬೈಯಲಿ, ಮಾತು ಬಿಡಲಿ, ಮುದ್ದು ಮಾಡಿ ಕೆಡಿಸಿದ್ದು ಒಮ್ಮೆ ಸಾಕು. ಅವಳು ಬಲಗೈ ಚಾಚಿದಳು, ಕೊಡಪ್ಪಾ. ಅವನು ಕಾಲನ್ನು ಎದೆಗೆ ಅವುಚಿಕೊಂಡ. ಕೊಡಲ್ಲ. ಚಾಚಿದ ಕೈ ಎಷ್ಟೋ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು, ಹೊರಗೆ ಬಸ್ಸು ಬಂದು ನಿಂತ ಸದ್ದು, ಹೊರಟ ಸದ್ದು, ಅವನು ನೆಲ ನೋಡಿದ, ಗೋಡೆ ನೋಡಿದ, ಮುಖ ನೋಡಲು ಧೈರ್ಯವಾಗಲಿಲ್ಲ, ಎಲ್ಲಿ ನೋಡಿದರೂ ಚೌಕಟ್ಟಿನ ಮೇಲಿನ ಆ ಕೈ, ಬಿಳಿಚಿಕೊಂಡ ಬೆರಳುಗಳು, ಬೆರಳುಗಳು.