ಖಾಲಿ ವಾಪಸ್ ಹೋಗುವ ಗಾಡಿ

ಜಮಖಾನದ ಒಂದು ತುದಿಯನ್ನು ಪುಟ್ಟಿ, ಇನ್ನೊಂದು ತುದಿಯನ್ನು ಅವಳ ತಾಯಿ ಹಿಡಿದುಕೊಂಡು ಹಿತ್ತಿಲಲ್ಲಿ ಹಿಂಡುತ್ತಿದ್ದರು. ತಾಯಿ ಬಲಕ್ಕೆ ತಿರುಚಿದರೆ ಮಗಳು ಎಡಕ್ಕೆ. ನಡುವಿನಿಂದ ನೊರೆ ನೀರು ಕಲ್ಲಿನ ಮೇಲೆ ಸುರಿಯುತ್ತಿತ್ತು. ಸಾವಿನ ಮನೆಯಲ್ಲಿ ಬೆಳಬೆಳಿಗ್ಗೆ ಬಟ್ಟೆ ಒಗೆಯುವ ಸದ್ದು ಕೇಳಿ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು.

"ಇದೇನೇ, ಇವತ್ತೂ ಬಟ್ಟೆ ಒಗೀತಿದ್ದೀಯಾ?"

"ಅಮ್ಮ ನಿನ್ನೆ ನೆನೆಹಾಕಿ ಹೋಗಿದ್ದಾಳಕ್ಕಾ. ಹಾಗೇ ಬಿಟ್ರೆ ನಾತ ಹೊಡೆಯುತ್ತೆ," ಎಂದಳು ಪುಟ್ಟಿಯ ತಾಯಿ.

"ಹೊಡೆದ್ರೆ ಹೊಡೀಲಿ ಬಿಡು. ಅವಳೇನು ಎದ್ದು ಬಂದು ಬೈತಾಳಾ?"

"ಹೇಳೋಕಾಗಲ್ಲ. ಸೋಪು ದಂಡ ಆಯ್ತು ಅಂತ ಗೊತ್ತಾದ್ರೆ ಎದ್ದು ಬಂದ್ರೂ ಬಂದಾಳು."

ಇಬ್ಬರಿಗೂ ನಗು ಬಂತು. ಪಕ್ಕದ ಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಬೀದಿಯಲ್ಲಿ ಹಾರನ್ ಒಂದೇ ಒಂದು ಸಲ, ಮೆತ್ತಗೆ ಕೇಳಿಸಿತು. ಬಿಳಿ ವ್ಯಾನಿನ ಡ್ರೈವರ್ ಮನೆಯ ಪಕ್ಕದ ಓಣಿಯಲ್ಲೇ ನಡೆದುಬಂದು ಹಿತ್ತಿಲ ಬಾಗಿಲ ಹತ್ತಿರ ನಿಂತ.

"ಇದೇ ಮನೆನಾ ಅಕ್ಕಾ? ಸ್ವಲ್ಪ ತಡ ಆಯ್ತು. ನಿಮ್ಮೂರಿನ ಶವ ಸಾಗಿಸೋ ಗಾಡಿ ಗ್ಯಾರೇಜು ಸೇರಿದೆಯಂತೆ. ಅದಕ್ಕೇ ಬಂದರಿನ ಆಸ್ಪತ್ರೆಯಿಂದ ನನ್ನ ಕಳಿಸಿದ್ರು. ಸಮುದ್ರದ ದಡದಿಂದ ಎಲ್ಲೂ ನಿಲ್ಲಿಸದೆ ಬಂದಿದ್ದೀನಿ."

ಪುಟ್ಟಿಯ ಕೈ ಸಡಿಲವಾಯಿತು. ಜಮಖಾನದ ತುದಿ ಕೆಸರಿಗೆ ಬಿತ್ತು.

ಬೇರೆ ದಿನವಾಗಿದ್ದರೆ ತಾಯಿ ಗದರುತ್ತಿದ್ದಳೇನೋ. ಇವತ್ತು ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಕೆಸರಾದ ತುದಿಯನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು.

*

ಅಜ್ಜಿ ಟೈಲರ್ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಅಂಗಡಿಯವನು ಹೊಲಿದ ಅಂಗಿಗಳನ್ನು ಗಂಟು ಕಟ್ಟಿ ಕಳಿಸುತ್ತಿದ್ದ. ಅಜ್ಜಿ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು, ಬೆಳಕು ಸರಿದಂತೆ ಕುರ್ಚಿಯನ್ನೂ ಸರಿಸುತ್ತ, ಸಂಜೆಯ ಹೊತ್ತಿಗೆ ಗೋಡೆಯ ಆ ಮೂಲೆ ಮುಟ್ಟುತ್ತಿದ್ದಳು. ಬೆಳಕು ಪೂರ್ತಿ ಹೋದ ಮೇಲೇ ದೀಪ. ಕುದಿ ಬಂದ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಳೇ ಕಂಬಳಿಯಲ್ಲಿ ಸುತ್ತಿಟ್ಟರೆ ಉಳಿದದ್ದು ತಾನೇ ಬೇಯುತ್ತಿತ್ತು. ಸವೆದ ಸೋಪನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದಳು. ತರಕಾರಿಗೆ ಹೋಗುವುದು ಮಾರುಕಟ್ಟೆಯವರು ಗೋಣಿ ಕೊಡವುವ ಹೊತ್ತಿಗೆ. ಅಂಗಿಯ ಕಾಲರ್ ಸವೆದರೆ ಬಿಚ್ಚಿ ತಿರುಗಿಸಿ ಹೊಲಿದು ಇನ್ನೊಂದು ವರ್ಷ ದೂಡುತ್ತಿದ್ದಳು.

ಜಿಪುಣಿ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಆದರೆ ಆ ಬೀದಿಯಲ್ಲಿ ಪ್ರತಿ ವರ್ಷ ಮನೆಗೆ ಬೀಗ ಹಾಕಿ ಊರು ನೋಡಲು ಹೋಗುತ್ತಿದ್ದದ್ದೂ ಅವಳೊಬ್ಬಳೇ.

ಹೋಗುವ ರೀತಿಯೂ ಅವಳದೇ. ಸರಕು ಇಳಿಸಿ ತಮ್ಮ ಊರಿಗೆ ಖಾಲಿ ವಾಪಸ್ ಹೊರಡುವ ಗಾಡಿಗಳನ್ನು ಹುಡುಕುತ್ತಿದ್ದಳು. ಬೆಟ್ಟದಿಂದ ಹೂಕೋಸು ತಂದ ವ್ಯಾನು, ಅಣೆಕಟ್ಟಿನ ಊರಿನಿಂದ ಹೆಂಚು ತಂದ ಲಾರಿ, ಹಾಸಿಗೆ ಅಂಗಡಿಯ ಟೆಂಪೊ. ಗಾಡಿ ಯಾವ ಊರಿನದೋ ಆ ವರ್ಷದ ಪ್ರವಾಸ ಆ ಊರಿಗೆ. ಮೊದಲು ಡ್ರೈವರನ ಅಂಗಿ ನೋಡುತ್ತಿದ್ದಳು. "ಗುಂಡಿ ಕಿತ್ತುಹೋಗಿದ್ರೆ ನಮ್ಮ ಕೆಲಸ ಆಯ್ತು ಅಂತ ತಿಳ್ಕೋ," ಎನ್ನುತ್ತಿದ್ದಳು. ಆಮೇಲೆ ಹತ್ತಿರ ಹೋಗಿ ಕೇಳುತ್ತಿದ್ದಳು, "ಅಣ್ಣಾ, ವಾಪಸ್ ಖಾಲಿ ಹೋಗ್ತೀರಾ?" ಸ್ವಲ್ಪ ದುಡ್ಡು, ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಒಂದು ಹೊಸ ಗುಂಡಿ. ಇಷ್ಟೇ ಒಪ್ಪಂದ. ಅವಳು ಹಾಕಿದ ಗುಂಡಿ ಅಂಗಿ ಹರಿದರೂ ಬೀಳುತ್ತಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದು ಗಾಡಿಯೊಳಗೆ ಜಮಖಾನ ಹಾಸುತ್ತ ಹೇಳುತ್ತಿದ್ದಳು. "ನಾನು ಹಾಸಿಗೇನೇ ಗಾಡಿಗೆ ಹಾಕ್ಕೊಂಡ್ಬಿಟ್ಟೆ. ಈಗ ಎಷ್ಟು ಬೇಕೋ ಅಷ್ಟು ಚಾಚ್ರೋ."

*

ನಡುಮನೆಯಲ್ಲಿ ಅಜ್ಜಿಯನ್ನು ಕಿಟಕಿಯ ಪಕ್ಕ ಮಲಗಿಸಿದ್ದರು. ಅವಳ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಪುಟ್ಟಿಯ ಸೋದರಮಾವ, ಅಜ್ಜಿಯ ಒಬ್ಬನೇ ಮಗ, ಕಾರಿನಿಂದ ಹೂವಿನ ಬುಟ್ಟಿ ತಂದು ಇಳಿಸಿದ. ದೊಡ್ಡ ಬುಟ್ಟಿ.

"ಎಷ್ಟು ತಗೊಂಡ್ರೋ ಇದಕ್ಕೆ?" ಎಂದು ಅವನ ಅಕ್ಕ, ಪುಟ್ಟಿಯ ತಾಯಿ, ಕೇಳಿಬಿಟ್ಟಳು.

"ಅಕ್ಕಾ, ಇವತ್ತೊಂದು ದಿನ ಬೆಲೆ ಕೇಳ್ಬೇಡ್ವೇ. ಹೂವಿನವನು ಹೇಳಿದಷ್ಟು ಕೊಟ್ಟು ಬಂದಿದ್ದೀನಿ. ಡ್ರೈವರಿಗೂ ಅಷ್ಟೆ. ಅಮ್ಮನ ಹೆಸರಲ್ಲಿ ಇವತ್ತು ಚೌಕಾಸಿ ಇಲ್ಲ."

"ಅವಳ ಹೆಸರಲ್ಲಿ ಚೌಕಾಸಿ ಮಾಡದೆ ಇನ್ಯಾರ ಹೆಸರಲ್ಲಿ ಮಾಡ್ತೀಯಪ್ಪಾ?" ಎಂದ ಟೈಲರ್ ಮೂಲೆಯಿಂದ. ವಯಸ್ಸಾದ ಮನುಷ್ಯ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದ. ಕೂತವರೆಲ್ಲ ನಕ್ಕರು. ಮಾವನೂ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡ.

"ನಿಮಗೇನು ಗೊತ್ತು," ಎಂದ ಅವನು. "ಹಾಸಿಗೆ ಟೆಂಪೊದಲ್ಲಿ ಕೂತು ಹೋಗ್ತಿದ್ದಾಗ ನನ್ನ ಕ್ಲಾಸಿನ ಹುಡುಗರು ಎದುರಿಗೇ ಬಸ್ಸಲ್ಲಿ ಬಂದ್ರು. ನಾನು ಜಮಖಾನದ ಕೆಳಗೆ ನುಗ್ಗಿ ಮಲಗಿಬಿಟ್ಟೆ. ಅಮ್ಮ ಏನ್ಮಾಡಿದ್ಲು ಗೊತ್ತಾ? ಆ ಹುಡುಗರಿಗೆ ಕೈ ಬೀಸಿ, 'ನಿಮ್ಮ ಫ್ರೆಂಡು ಇಲ್ಲೇ ಇದ್ದಾನೆ, ನಿದ್ದೆ ಮಾಡ್ತಿದ್ದಾನೆ' ಅಂದ್ಲು."

"ನೀನು ಅವಳನ್ನ ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗಿದ್ಯಲ್ಲ ಒಂದ್ಸಲ?" ಪಕ್ಕದ ಮನೆಯಾಕೆ ಕೇಳಿದಳು.

"ಹೋಗಿದ್ದೆ. ರಾತ್ರಿಯೆಲ್ಲ ಎದ್ದು ಕೂತಿದ್ಲು. ಯಾಕಮ್ಮಾ ಅಂದ್ರೆ, 'ಇಷ್ಟು ದುಡ್ಡು ಕೊಟ್ಟ ರೂಮಲ್ಲಿ ಕಣ್ಣು ಮುಚ್ಕೊಂಡ್ರೆ ಇದನ್ನೆಲ್ಲ ನೋಡೋರ್ಯಾರೋ' ಅಂತ."

ಈ ಸಲ ನಗು ಜೋರಾಗಿಯೇ ಬಂತು. ಪುಟ್ಟಿ ಮಾತ್ರ ನಗಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಬೀದಿಯಲ್ಲಿ ನಿಂತ ವ್ಯಾನನ್ನು ನೋಡುತ್ತಿದ್ದಳು.

ಟೈಲರ್ ಅವಳನ್ನು ಹತ್ತಿರ ಕರೆದ. "ಮೊನ್ನೆ ಗಂಟು ವಾಪಸ್ ಕೊಡೋಕೆ ಬಂದಾಗ ನಿನ್ನ ಅಜ್ಜಿ ರಜೆ ಕೇಳಿದ್ಲು ಮರಿ. ಎಲ್ಲಿಗೆ ಹೋಗ್ತೀ ಅಂದೆ. 'ಸಮುದ್ರಕ್ಕೆ. ಮೊಮ್ಮಗಳು ಇಷ್ಟರಲ್ಲೇ ಕೇಳ್ತಾಳೆ' ಅಂದ್ಲು. ಏನು ಕೇಳ್ತಾಳೆ ಅಂತ ಹೇಳ್ಲೇ ಇಲ್ಲ. ಏನು ಕೇಳೋದಿತ್ತು ನೀನು?"

ಪುಟ್ಟಿ ತಲೆ ಅಲ್ಲಾಡಿಸಿ ಹಿತ್ತಿಲಿಗೆ ಓಡಿದಳು.

ತಂತಿಯ ಮೇಲೆ ಹರವಿದ್ದ ಜಮಖಾನದ ಹತ್ತಿರ ತಾಯಿ ನಿಂತಿದ್ದಳು. ಟೈಲರನ ಮಾತು ಅವಳಿಗೂ ಕೇಳಿಸಿತ್ತು. ಅಜ್ಜಿ ಪ್ರವಾಸದಿಂದ ಬಂದ ಮೇಲೆ ಇದನ್ನು ಯಾವತ್ತೂ ಒಗೆಯುತ್ತಿರಲಿಲ್ಲ, ಮಡಿಸಿ ಇಟ್ಟುಬಿಡುತ್ತಿದ್ದಳು. ಹೋದ ಊರಿನ ಮಣ್ಣು ವರ್ಷವಿಡೀ ಮನೆಯಲ್ಲಿರಲಿ ಎಂದು. ಒಗೆಯುತ್ತಿದ್ದದ್ದು ಮುಂದಿನ ಊರಿಗೆ ಹೊರಡುವ ಮುಂಚೆ ಮಾತ್ರ. ನಿನ್ನೆ ಮಧ್ಯಾಹ್ನ ಅದನ್ನು ನೆನೆಹಾಕಿ, ಒಂದು ಗಳಿಗೆ ಮಲಗಿ ಬರುತ್ತೇನೆ ಎಂದು ಒಳಗೆ ಹೋದವಳು ಮತ್ತೆ ಏಳಲಿಲ್ಲ.

*

ಊರುಗಳೆಲ್ಲ ಆಗಿ ಸಮುದ್ರ ಒಂದು ಬಾಕಿ ಇತ್ತು.

ಹಿಂದಿನ ತಿಂಗಳು ಅಜ್ಜಿ ಪುಟ್ಟಿಯನ್ನು ಮೀನಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದಳು. ಐಸ್ ಪೆಟ್ಟಿಗೆಗಳನ್ನು ಇಳಿಸಿದ ವ್ಯಾನೊಂದು ಬಂದರಿಗೆ ವಾಪಸ್ ಹೊರಟು ನಿಂತಿತ್ತು.

"ಹೋಗು, ಕೇಳು," ಎಂದಳು ಅಜ್ಜಿ.

"ನಾನಾ?"

"ಇನ್ಯಾರು? ನಿನ್ನ ಅಮ್ಮ ನಿನಗಿಂತ ಚಿಕ್ಕವಳಿದ್ದಾಗ ಹೂಕೋಸಿನ ವ್ಯಾನು ಕೇಳಿದ್ಲು. ಈಗ ಸರದಿ ನಿಂದು."

"ನಾಚಿಕೆ ಆಗುತ್ತಜ್ಜಿ. ಬೇಡೋ ಥರ ಇರುತ್ತೆ."

"ದೂರ ನಿಂತು ಕೇಳಿದ್ರೆ ಬೇಡಿದ ಹಾಗಿರುತ್ತೆ. ಹತ್ತಿರ ಹೋಗಿ ಕೇಳು. ಖಾಲಿ ಹೋಗೋ ಗಾಡಿ ಏನು ಪೆಟ್ರೋಲ್ ಕುಡಿಯಲ್ವಾ? ನಾವು ಕೂತ್ರೆ ಅವನಿಗೂ ಮಾತಿಗೊಂದು ಜನ."

ಪುಟ್ಟಿ ಹೋದಳು. ಡ್ರೈವರ್ ಅವಳ ಕಡೆ ತಿರುಗಿ, "ಏನು ಮರಿ?" ಎಂದ. ಅವಳು ಗಾಡಿಯ ಚಕ್ರದ ಕಡೆ ನೋಡಿದಳು. ನಿಂತಳು, ನಿಂತೇ ಇದ್ದಳು. ಅವನು ನಕ್ಕು ಗಾಡಿ ಹತ್ತಿದ.

ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅಜ್ಜಿ ನೋಡುತ್ತ ನಿಂತಳು. ಅವಳೇ ಕೇಳಬಹುದಿತ್ತು, ಕೇಳಲಿಲ್ಲ. ಪುಟ್ಟಿ ಅಳತೊಡಗಿದಾಗ ಅವಳ ಮೂಗು ಒರೆಸಿ, "ಇರಲಿ ಬಿಡು. ಹನಿ ಹನಿ ಸೇರಿದ್ರೆ ಹಳ್ಳ, ಹಳ್ಳದ ಜೊತೆ ಹೋದ್ರೆ ಸಮುದ್ರ. ಅದೆಲ್ಲೂ ಓಡಿಹೋಗಲ್ಲ. ನಿನಗೆ ಯಾವಾಗ ಬಾಯಿ ಬರುತ್ತೋ ಆವಾಗ ಹೋಗೋಣ," ಎಂದಳು.

ಆಮೇಲೆ ಪ್ರತಿ ವಾರ ಇಬ್ಬರೂ ಮಾರುಕಟ್ಟೆಗೆ ಹೋದರು. ಪ್ರತಿ ವಾರವೂ ಪುಟ್ಟಿ, "ಮುಂದಿನ ವಾರ ಕೇಳ್ತೀನಿ," ಎನ್ನುತ್ತಿದ್ದಳು.

*

ವ್ಯಾನಿನೊಳಗೆ ಅಜ್ಜಿಯನ್ನು ನಡುವೆ ಮಲಗಿಸಿದರು. ಎರಡೂ ಕಡೆ ಉದ್ದನೆಯ ಕಬ್ಬಿಣದ ಬೆಂಚು. ತಾಯಿ ಹಿತ್ತಿಲಿಗೆ ಹೋಗಿ, ಇನ್ನೂ ಹಸಿಯಿದ್ದ ಜಮಖಾನವನ್ನು ತಂದು ಬೆಂಚಿನ ಮೇಲೆ ಹಾಸಿದಳು.

"ಅಕ್ಕಾ, ಒದ್ದೆ ಇದೆಯಲ್ಲೇ!" ಎಂದ ಮಾವ. "ನನ್ನ ಕಾರಿದೆ. ಕಾರಲ್ಲಿ ಬನ್ನಿ."

"ಹಿಂದೆ ನೀನು ಕಾರಲ್ಲಿ ಬಾ. ನಾವು ಅಮ್ಮನ ಜೊತೆ ಬರ್ತೀವಿ."

ಮಾವ ಕೈಯಲ್ಲಿದ್ದ ಬೀಗದ ಕೈ ನೋಡಿಕೊಂಡ. ಕಾರನ್ನು ಟೈಲರನ ಮಗನಿಗೆ ಒಪ್ಪಿಸಿ, ತಾನೂ ವ್ಯಾನು ಹತ್ತಿ, ಒದ್ದೆ ಜಮಖಾನದ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಕೂತ. ಬೀದಿಯ ಕೊನೆಯಲ್ಲಿ ಶಾಲೆಯ ಬಸ್ಸೊಂದು ಎದುರಾಯಿತು. ಅವನು ಬಗ್ಗಲಿಲ್ಲ.

ಸ್ಮಶಾನ ಊರಾಚೆಯ ದಿಬ್ಬದ ಮೇಲಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಪುಟ್ಟಿ ಮಣ್ಣು ಹಾಕಿದ ಮೇಲೆ ಕೈ ಕೊಡವಿಕೊಳ್ಳದೆ ಮುಷ್ಟಿ ಕಟ್ಟಿಕೊಂಡೇ ನಿಂತಳು. ಬೇಲಿಯ ಆಚೆ ರಸ್ತೆ ಎರಡಾಗಿ ಒಡೆಯುತ್ತಿತ್ತು: ಒಂದು ಊರಿಗೆ, ಇನ್ನೊಂದು ಇಳಿಜಾರಿನಲ್ಲಿ ಬಂದರಿನ ಕಡೆಗೆ.

ಜನ ಚದುರಿದರು. ಟೈಲರ್ ಕಾರಿನ ಹಿಂದಿನ ಸೀಟು ಸೇರಿದ. "ಬಾ ಪುಟ್ಟಿ, ಬಿಸಿಲೇರೋದ್ರೊಳಗೆ ಮನೆ ಸೇರೋಣ," ಎಂದು ಮಾವ ಕರೆದ. ಅವನ ಪ್ಯಾಂಟಿನ ಹಿಂದೆ ಜಮಖಾನದ ಪಟ್ಟೆಗಳು ಅಚ್ಚೊತ್ತಿದ ಹಾಗೆ ಒದ್ದೆಯಾಗಿದ್ದವು.

ಪುಟ್ಟಿ ಕದಲಲಿಲ್ಲ. ಅವಳು ವ್ಯಾನನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ವ್ಯಾನನ್ನು ನೋಡಿದಳು. ಮಗಳು ಏನು ಕೇಳಬೇಕೆಂದಿದ್ದಾಳೆಂದು ತಾಯಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ಇಂಥ ದಿನ ಇಂಥ ಮಾತು ಆಡಬಹುದೇ ಎಂದು ಮಗು ಹೆದರಿದೆಯೆಂಬುದೂ ಗೊತ್ತಿತ್ತು. ಆ ಮಾತು ಅವಳಿಗೂ ಬಾಯಿಪಾಠ. ಹೂಕೋಸಿನ ವಾಸನೆಯ ಸಮೇತ ನೆನಪಿತ್ತು. ಈಗ ತಾನೇ ಕೇಳಿಬಿಡಬಹುದು. ಆದರೆ ಸರದಿ ಮಗಳದು.

ಡ್ರೈವರ್ ವ್ಯಾನಿನೊಳಗಿಂದ ಹೂವಿನ ಎಸಳುಗಳನ್ನು ಗುಡಿಸಿ, ಜಮಖಾನ ಹೊರಗೆ ತಂದ. ದಾರಿಯ ಗಾಳಿಗೆ ಅದು ಮುಕ್ಕಾಲು ಒಣಗಿತ್ತು. "ಅಕ್ಕಾ, ಇದು ನಿಮ್ಮದು," ಎಂದು ಒಬ್ಬನೇ ಮಡಿಸಲು ನೋಡಿದ. ಉದ್ದನೆಯ ಜಮಖಾನ; ಒಂದು ತುದಿ ಎತ್ತಿದರೆ ಇನ್ನೊಂದು ನೆಲಕ್ಕೆ ಸೋಕುತ್ತಿತ್ತು.

ತಾಯಿ ಜಾಗ ಬಿಟ್ಟು ಕದಲಲಿಲ್ಲ.

ಪುಟ್ಟಿ ಹೋದಳು. ಮುಷ್ಟಿಯಲ್ಲಿದ್ದ ಮಣ್ಣನ್ನು ಜೇಬಿಗೆ ಹಾಕಿಕೊಂಡು, ನೆಲಕ್ಕೆ ಸೋಕಿದ್ದ ತುದಿಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅವನು ಆ ಕಡೆ, ಅವಳು ಈ ಕಡೆ. ಕೊಡವಿದರು, ಬಿಗಿಯಾಗಿ ಎಳೆದರು, ಅರ್ಧಕ್ಕೆ ಮಡಿಸಿದರು. ಮತ್ತೆ ಮಡಿಸಲು ಅವಳು ತನ್ನ ತುದಿ ಹಿಡಿದುಕೊಂಡು ಅವನ ಹತ್ತಿರಕ್ಕೆ ನಡೆದಳು. ಅವಳ ಕಣ್ಣಿಗೆ ನೇರವಾಗಿ ಅವನ ಅಂಗಿಯ ಎದೆಭಾಗ ಬಂತು. ಅಲ್ಲಿ ಗುಂಡಿ ಇರಬೇಕಾದ ಕಡೆ ಒಂದು ಎಳೆ ದಾರ ಮಾತ್ರ ನೇತಾಡುತ್ತಿತ್ತು.

ಮಾವ ಕಾರಿನ ಬಾಗಿಲು ತೆರೆದು ಹಿಡಿದಿದ್ದವನು ಹಾಗೇ ನಿಂತ.

ಪುಟ್ಟಿ ಜಮಖಾನದ ತುದಿಯನ್ನು ಡ್ರೈವರನಿಗೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ತಲೆಯೆತ್ತಿದಳು.

"ಅಣ್ಣಾ," ಎಂದಳು, ದಿಬ್ಬದ ಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ವಾಪಸ್ ಖಾಲಿ ಹೋಗ್ತೀರಾ?"