ಜಡೆ ರಸ್ತೆಯ ಈಡುಗಾಯಿ

ಗುತ್ಯಪ್ಪನ ಬಾಯಿಗೆ ಬೀಗ ಹಾಕುವವರು ಶಿಕಾರಿಪುರ ತಾಲ್ಲೂಕಿನಲ್ಲೇ ಇರಲಿಲ್ಲ. ಹೆಂಗಸರ ಐದು ದಿನದ ಸೈಕಲ್ ರೇಸು ನಾಲ್ಕನೆಯ ದಿನ ತನ್ನೂರಿನ ಮೇಲೇ ಹಾಯುತ್ತದೆ, ಅದರಲ್ಲಿ ತನ್ನ ಮಗಳು ಸುಷ್ಮಿತಾಳೂ ಇದ್ದಾಳೆ ಎಂದು ತಿಳಿದದ್ದೇ ತಡ, ಕುರಿ ಹೊಡೆದುಕೊಂಡು ಹೋದಲ್ಲೆಲ್ಲ ಅವನದು ಅದೇ ಪುರಾಣ. ಶಿಕಾರಿಪುರದಲ್ಲಿ ಹೊರಟು, ಜಡೆ ಸುತ್ತಿ, ಸೊರಬದಲ್ಲಿ ಮುಗಿಯುವ ದಾರಿ. ಎಲ್ಲರೂ ಹೆಲ್ಮೆಟ್ಟು, ಕರಿ ಕನ್ನಡಕ ಹಾಕಿರುವಾಗ ನಿನ್ನ ಮಗಳ ಗುರುತು ಹಿಡಿಯುವುದು ಹೇಗೆ ಮಾರಾಯ ಎಂದು ಪಕ್ಕದ ಮನೆಯ ತೋಟಪ್ಪ ಕೇಳಿದ್ದ.

“ಎಲ್ಲರಿಗಿಂತ ಮುಂದೆ ಬರ್ತಾಳಲ್ಲ, ಅವಳೇ ನಮ್ಮವಳು” ಎಂದಿದ್ದ ಗುತ್ಯಪ್ಪ.

ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ. ಆದರೆ ಅವನು ಊರಿಗೆ ಹೇಳದೆ ನುಂಗಿಕೊಂಡ ಮಾತೊಂದಿತ್ತು. ಮಗಳು ಫೋನಿನಲ್ಲಿ ಬಿಡಿಸಿ ಹೇಳಿದ್ದಳು: ತಾನು ಗೆಲ್ಲುವುದಕ್ಕೆ ಬರುತ್ತಿಲ್ಲ, ತಂಡದ ಶೃತಿಯನ್ನು ಗೆಲ್ಲಿಸುವುದಕ್ಕೆ ಬರುತ್ತಿದ್ದೇನೆ. ಎಲ್ಲ ದಿನಗಳ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವರಿಗೆ ಹಳದಿ ಅಂಗಿ; ಅದು ಈಗ ಶೃತಿಯ ಮೈಮೇಲಿದೆ. ಅವಳ ಮುಂದೆ ಮುಂದೆ ತುಳಿಯುತ್ತ ಎದುರುಗಾಳಿ ತಡೆಯುವುದು, ಹಿಂದೆ ಬರುವ ತಂಡದ ಕಾರಿನಿಂದ ನೀರು ತಂದುಕೊಡುವುದು ಸುಷ್ಮಿತಾಳ ಕೆಲಸ. ಇದು ಅವಳ ಮೊದಲ ದೊಡ್ಡ ರೇಸು. ಐದೂ ದಿನ ಮುಗಿಸಿದರೆ ಮುಂದಿನ ವರ್ಷವೂ ತಂಡದಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಇನ್ನೊಬ್ಬರಿಗೆ ನೀರು ಹೊರಲು ಅಷ್ಟು ವರ್ಷ ಕ್ರೀಡಾ ಹಾಸ್ಟೆಲಿನಲ್ಲಿ ಒದ್ದಾಡಬೇಕಿತ್ತೇ ಎಂದು ಗುತ್ಯಪ್ಪನಿಗೆ ಹೊಟ್ಟೆ ಉರಿದಿತ್ತು.

ಮನುಷ್ಯರು ಹೇಳಿದಂತೆ ಕೇಳದಿದ್ದರೆ ದೇವರಿದ್ದಾಳಲ್ಲ. ಮಗಳು ಮೊದಲು ಬರಲಿ, ಅವಳಿಗೆ ದೃಷ್ಟಿ ತಾಗದಿರಲಿ ಎಂದು ಅವನು ಚಂದ್ರಗುತ್ತಿ ಅಮ್ಮನಿಗೆ ಈಡುಗಾಯಿ ಹರಸಿಕೊಂಡ. ಪೊಲೀಸರು ಬಂದು ರಸ್ತೆ ಮೇಲೆ ಗೋವಿನಜೋಳ ಒಣಗಿಸಬೇಡಿ, ಕುರಿ ಬಿಡಬೇಡಿ, ನಾಯಿ ಕಟ್ಟಿಹಾಕಿ ಎಂದೆಲ್ಲ ಸಾರಿ ಹೋಗಿದ್ದರು. ಕಾಯಿ ಒಡೆಯಬೇಡಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ದಿನ ಊರಿಗೂರೇ ರಸ್ತೆಯ ಎರಡೂ ಬದಿಗೆ ಹಗ್ಗದ ಹಿಂದೆ ನಿಂತಿತ್ತು. ಪೊಲೀಸರ ಬೈಕುಗಳು ಸೈರನ್ ಹಾಕಿಕೊಂಡು ಹೋದವು. ದೂರದಲ್ಲಿ ಬಣ್ಣಬಣ್ಣದ ಗುಂಪು ಕಾಣಿಸಿತು. ಗುತ್ಯಪ್ಪ ಹಗ್ಗದಡಿ ನುಸುಳಿ, ಚಂದ್ರಗುತ್ತಿಯ ಕಡೆಗೆ ಕೈಮುಗಿದು, ಕಾಯಿಯನ್ನು ಡಾಂಬರಿಗೆ ಅಪ್ಪಳಿಸಿದ. ಬೇರೆ ದಿನವಾಗಿದ್ದರೆ ಊರಿನ ಹುಡುಗರು ಮುಗಿಬಿದ್ದು ಒಂದು ಚೂರೂ ಬಿಡದೆ ಬಾಚಿಕೊಳ್ಳುತ್ತಿದ್ದರು. ಅಂದು ಪೊಲೀಸರು ಅವರನ್ನು ಹಗ್ಗದಾಚೆಯೇ ತಡೆದರು. ಚಿಪ್ಪಿನ ಚೂರುಗಳು ಬಿದ್ದಲ್ಲೇ ಉಳಿದವು.

ಗುಂಪು ಬಂತು ನೋಡಿ, ಅಬ್ಬಾ! ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಆದರೂ ಒಬ್ಬರಿಗೊಬ್ಬರು ತಾಗರು. ಅಷ್ಟೂ ಗಾಲಿಗಳ ಸದ್ದು ಸೇರಿ ಜೇನುಹುಳು ಎದ್ದಂತೆ ಕೇಳುತ್ತಿತ್ತು. ಎಲ್ಲರ ಮುಂದೆ ಗಾಳಿಗೆ ಎದೆಗೊಟ್ಟು ತುಳಿಯುತ್ತಿದ್ದವಳು ಸುಷ್ಮಿತಾಳೇ. ಗುತ್ಯಪ್ಪನಿಗೆ ಕಣ್ಣು ತುಂಬಿ ಬಂತು. ಅವಳ ಗಾಲಿ ಚೂರುಗಳ ನಡುವೆ ಹೇಗೋ ಪಾರಾಯಿತು. ಬೆನ್ನಿಗಿದ್ದ ಹಳದಿ ಅಂಗಿಯವಳ ಗಾಲಿ ಠುಸ್ಸೆಂದಿತು.

ಶೃತಿ ತಡವರಿಸಿ ಬದಿಗೆ ನಿಂತಳು. ತಂಡದ ಕಾರು ಹಿಂದಿನ ಗುಂಪುಗಳಾಚೆ ಎಲ್ಲೋ ಸಿಕ್ಕಿಕೊಂಡಿತ್ತು. ಸುಷ್ಮಿತಾ ಒಂದು ಗಳಿಗೆಯೂ ಯೋಚಿಸಲಿಲ್ಲ. ಇಳಿದು ಬಂದು, ತನ್ನ ಸೈಕಲ್ಲನ್ನೇ ಶೃತಿಯ ಕೈಗಿತ್ತು, ಅವಳ ಬೆನ್ನಿಗೆ ಕೈಯಿಟ್ಟು ದಬ್ಬಿ ಕಳಿಸಿದಳು. ಇಬ್ಬರದೂ ಒಂದೇ ಎತ್ತರ. ಶೃತಿ ಎದ್ದು ನಿಂತು ತುಳಿಯುತ್ತ ಗುಂಪಿನ ಬೆನ್ನು ಹಿಡಿದಳು. ಪಂಕ್ಚರಾದ ಸೈಕಲ್ಲು ಹಿಡಿದು ಸುಷ್ಮಿತಾ ತನ್ನೂರಿನ ರಸ್ತೆಯಲ್ಲಿ ಒಬ್ಬಳೇ ಉಳಿದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಮಗಳು ಒಡೆದ ಕಾಯಿ ನೋಡಿದಳು, ಅಪ್ಪನ ಮುಖ ನೋಡಿದಳು. ಎಲ್ಲ ತಿಳಿಯಿತು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಅಪ್ಪಾ, ಹಿಂದೆ ಇನ್ನೂ ಹುಡುಗೇರು ಬರ್ತಾ ಅದಾರೆ” ಎಂದಳು. “ಮೊದ್ಲು ಚೂರು ಬಳಿದು ತೆಗಿ.”

ಹೆಗಲ ಮೇಲಿನ ಕಂಬಳಿಯನ್ನು ದೇವರ ಗದ್ದುಗೆಗಲ್ಲದೆ ಬೇರೆಡೆ ಹಾಸಿದವನಲ್ಲ ಗುತ್ಯಪ್ಪ. ಅದನ್ನೇ ಡಾಂಬರಿನ ಮೇಲೆಳೆದು, ಮಂಡಿಯೂರಿ, ಚೂರು ಚೂರೂ ಬಳಿದ. ಹಿಂದಿನವರೆಲ್ಲ ಸುಸೂತ್ರವಾಗಿ ದಾಟಿದರು. ಕೊನೆಗೆ ಬಂದವಳು ಬೇರೆ ತಂಡದವಳು, ಎಲ್ಲೋ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ತುಳಿಯುತ್ತಿದ್ದಳು. ಅವಳೂ ಹೋದಮೇಲೆ ಕಾರು ಬಂದು ಗಾಲಿ ಬದಲಾಯಿತು. ಹೊತ್ತು ಮೀರಿ ಮುಟ್ಟಿದವರನ್ನು ನಾಳೆ ರೇಸಿಗೆ ಸೇರಿಸುವುದಿಲ್ಲ, ಬೇಗ ಹೋಗು ಎಂದು ಕಾರಿನವರು ಅವಸರಿಸಿದರು. ಸುಷ್ಮಿತಾ ಅಪ್ಪನ ಹೆಗಲು ತಟ್ಟಿ ಹೊರಟೇಬಿಟ್ಟಳು.

ತೋಟಪ್ಪ ತಮಾಷೆ ಮಾಡುವವನಾದರೂ ಒಳ್ಳೆಯವ. ಬೈಕು ತಂದು, ಗುತ್ಯಪ್ಪನನ್ನು ಹತ್ತಿಸಿಕೊಂಡು, ಜಡೆ ಸುತ್ತದೆ ಒಳದಾರಿಯಲ್ಲಿ ಸೊರಬಕ್ಕೆ ಹೊಡೆದ. ಅವರು ಮುಟ್ಟುವಾಗ ಮುಂದಿನವರು ಬಂದಾಗಿತ್ತು. ಹಳದಿ ಅಂಗಿ ಶೃತಿಯ ಹತ್ತಿರವೇ ಉಳಿಯಿತೆಂದು ಮೈಕಿನಲ್ಲಿ ಕೂಗುತ್ತಿದ್ದರು. ಆ ಶೃತಿ ನೀರನ್ನೂ ಕುಡಿಯದೆ ಬೇಲಿಗೊರಗಿ ಬಂದ ದಾರಿಯನ್ನೇ ನೋಡುತ್ತಿದ್ದಳು. ಗೆರೆಯ ಬಳಿ ಒಬ್ಬ ಕೆಂಪು ಬಾವುಟ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದ. ಅದು ಮೇಲೆದ್ದರೆ ಆಮೇಲೆ ಬಂದವರ ರೇಸು ಮುಗಿಯಿತು. ಮೊದಲು ಬರಲಿ ಎಂದು ಹರಸಿಕೊಂಡಿದ್ದ ಗುತ್ಯಪ್ಪ ಈಗ ಬೇಡಿಕೊಂಡದ್ದು ಒಂದೇ: ತಾಯೀ, ಬಂದು ಮುಟ್ಟಲಿ ಸಾಕು.

ಮೈಕಿನವನ ದನಿ ಮತ್ತೆ ಎದ್ದಿತು. ದಾರಿಯಲ್ಲಿ ಇಬ್ಬರು ಕಾಣಿಸಿದರು. ಮುಂದೆ ಸುಷ್ಮಿತಾ, ಅವಳ ಗಾಲಿಗೆ ಅಂಟಿಕೊಂಡಂತೆ ಆ ಮೊಣಕಾಲು ತರಚಿದ ಹುಡುಗಿ. ಒಬ್ಬಳೇ ಬಂದಿದ್ದರೆ ಸುಷ್ಮಿತಾ ಯಾವಾಗಲೋ ಮುಟ್ಟುತ್ತಿದ್ದಳು. ಆದರೆ ಪದೇಪದೇ ತಿರುಗಿ ನೋಡುತ್ತಿದ್ದಳು, ಅವಳು ಹಿಂದೆ ಬಿದ್ದರೆ ತಾನೂ ನಿಧಾನಿಸುತ್ತಿದ್ದಳು, ಮತ್ತೆ ಗಾಳಿಗೆ ಅಡ್ಡವಾಗಿ ಕರೆದುಕೊಂಡು ಬರುತ್ತಿದ್ದಳು.

ಗುತ್ಯಪ್ಪ ಬೇಲಿ ಹಿಡಿದುಕೊಂಡ. ಕುಂಟುವ ಮರಿಯೊಂದಿದ್ದರೆ ಇಡೀ ಮಂದೆಯನ್ನೇ ನಿಧಾನ ಮಾಡುತ್ತಾನೆ ಅವನು, ಕತ್ತಲಾದರೂ ಬಿಟ್ಟು ಬರುವುದಿಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ, ಅದೊಂದು ಹೆಚ್ಚುಗಾರಿಕೆ ಎಂದು ಅವನಿಗೂ ಅನಿಸಿದ್ದಿಲ್ಲ. ಪುಟ್ಟ ಲಂಗದಲ್ಲಿ ತನ್ನ ಹಿಂದೆ ಮಂದೆ ಕಾಯಲು ಬರುತ್ತಿದ್ದ ಮಗಳು ಅದನ್ನೇ ನೋಡಿ ಕಲಿತಿದ್ದಳು. ನೀರು ಹೊರುವ ಕೆಲಸ ಎಂದು ತಾನು ಹಳಿದದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಗೆರೆ ಹತ್ತಿರವಾದಾಗ ಸುಷ್ಮಿತಾ ಪಕ್ಕಕ್ಕೆ ಸರಿದು ಆ ಹುಡುಗಿಗೆ ಮುಂದೆ ಹೋಗೆಂದು ಕೈ ತೋರಿಸಿದಳು. ಅವಳು ದಾಟಿದಳು. ಬಾವುಟದವನು ಗಡಿಯಾರವನ್ನು ಇನ್ನೊಮ್ಮೆ ನೋಡಿ, ಹೊತ್ತು ಮೀರಿಲ್ಲವೆಂದು ಬಾವುಟ ಎತ್ತದೆ ಸುಷ್ಮಿತಾಳಿಗೂ ದಾರಿ ಬಿಟ್ಟು ನಿಂತ. ಜನ ಗೆದ್ದವರಿಗೆ ಹೊಡೆದದ್ದಕ್ಕಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು.

ಚಿಪ್ಪಿನ ಚೂರು ಸಿಕ್ಕಿಕೊಂಡಿದ್ದ ಕಂಬಳಿ ಹೊದ್ದು ಅಳುತ್ತಿರುವ ಈ ಮನುಷ್ಯನನ್ನು ಪಕ್ಕದಲ್ಲಿದ್ದ ಸೊರಬದವರೊಬ್ಬರು ನೋಡಿದರು. ನಿಮ್ಮ ಹುಡುಗಿಯೂ ಇದ್ದಾಳೇನ್ರೀ, ಯಾರು ಅವಳು ಎಂದು ವಿಚಾರಿಸಿದರು.

“ಎಲ್ಲರಿಗಿಂತ ಹಿಂದೆ ಬರ್ತಾಳಲ್ರೀ” ಎಂದ ಗುತ್ಯಪ್ಪ, “ಅವಳೇ ನಮ್ಮವಳು.”