ಸುಟ್ಟರೂ ನೋಯದ ಬೆರಳು

ಚರ್ಮ ಸುಟ್ಟ ವಾಸನೆಗೆ ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ಇಸ್ತ್ರಿ ಪೆಟ್ಟಿಗೆ ಟೈಲರಮ್ಮನ ಕಿರುಬೆರಳಿಗೆ ಒತ್ತಿಕೊಂಡಿತ್ತು. ಟೈಲರಮ್ಮ ಏನೂ ಆಗದವಳಂತೆ ಅಂಗಿಯ ಮಡಿಕೆ ಬಿಡಿಸುತ್ತಿದ್ದಳು.

"ಅತ್ತೆ, ಕೈ! ಉರೀತಿಲ್ವಾ?"

"ಮೂವತ್ತು ವರ್ಷ ಸೂಜಿ ಚುಚ್ಚಿಸ್ಕೊಂಡ ಬೆರಳು, ಮರಗಟ್ಟಿದೆ. ನೀನು ಹೋಗು."

ಸುಳ್ಳು. ಮುಂಗೈ ಮೇಲೆ ಮಾಸಲು ಮಚ್ಚೆಯೊಂದು ಎದ್ದು ವರ್ಷವಾಗಿತ್ತು. ಅಂದಿನಿಂದ ಅವಳು ತುಂಬುತೋಳಿನ ರವಿಕೆ ತೊಡುತ್ತಿದ್ದಳು. ತಟ್ಟೆ ಬೇರೆ ಮಾಡಿದಳು, ಹಾಸಿಗೆಯನ್ನು ಹೊಲಿಗೆ ಕೋಣೆಗೆ ಎಳೆದುಕೊಂಡಳು. ಮೊಮ್ಮಗಳು ತೊಡೆ ಏರಲು ಬಂದರೆ "ಕೆಲಸ ಇದೆ" ಎಂದು ಅಟ್ಟುತ್ತಿದ್ದಳು. ಗೋಡೆಯಾಚೆ ಮನೆಮಂದಿ ನಗುವುದನ್ನು ಕೇಳುತ್ತಾ ಒಬ್ಬಳೇ ಉಣ್ಣುತ್ತಿದ್ದಳು. ಅತ್ತೆಗೆ ತನ್ನ ಮೇಲೆ ಮುನಿಸು ಎಂದೇ ಸೊಸೆ ತಿಳಿದಿದ್ದಳು.

ಟೈಲರಮ್ಮನಿಗೆ ಇದ್ದದ್ದು ಮುನಿಸಲ್ಲ, ಭಯ. ಪರದೇಶದವರು ಆಳುತ್ತಿದ್ದ ಕಾಲದಲ್ಲಿ ಅವಳ ಅಜ್ಜಿಗೂ ಇಂಥದೇ ಮಚ್ಚೆ ಎದ್ದಿತ್ತು. ಯಾರೋ ಚಾಡಿ ಹೇಳಿದರು, ಸರ್ಕಾರದ ಗಾಡಿ ಬಂತು. ಗುಣಪಡಿಸುವ ಮದ್ದು ಆಗ ಇರಲಿಲ್ಲ. ಆಳುವವರ ಬಳಿ ಇದ್ದದ್ದು ರೋಗಿಗಳನ್ನು ಕೂಡಿಹಾಕಲು ಎತ್ತರದ ಗೋಡೆ, ದೊಡ್ಡ ಬೀಗ. ಎಂಟು ವರ್ಷದ ಮಗಳು ಅಳುತ್ತಾ ಗಾಡಿಯ ಹಿಂದೆ ಓಡಿದಳು. ಅಜ್ಜಿ ತಿರುಗಿ ನೋಡಲಿಲ್ಲ. ನೋಡಿದರೆ ಮಗಳನ್ನೂ ಹತ್ತಿಸಿಕೊಂಡಾರು ಎಂಬ ಹೆದರಿಕೆ. ಆಕೆ ಯಾವ ವರ್ಷ ಸತ್ತಳೋ, ಎಲ್ಲಿ ಹೂತರೋ, ಯಾರೂ ಹೇಳಲಿಲ್ಲ. ಆ ಮಗಳೇ ಟೈಲರಮ್ಮನ ತಾಯಿ. ಸಾಯುವವರೆಗೂ ಗಾಡಿ ಸದ್ದಿಗೆ ಬೆಚ್ಚುತ್ತಿದ್ದಳು.

ಮರುದಿನ ಸೊಸೆ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಕರೆತಂದಳು. ಟೈಲರಮ್ಮ ಚಿಲಕ ಹಾಕಿಕೊಂಡಳು.

"ಗಾಡಿ ತಂದಿದ್ದೀಯಾ?" ಒಳಗಿಂದ ಕೇಳಿದಳು.

"ನನಗೇ ಗಾಡಿ ಇಲ್ಲಮ್ಮ, ಚಪ್ಪಲಿ ಸವೆಸ್ಕೊಂಡು ಬಂದಿದ್ದೀನಿ. ನಿಮಗೆಲ್ಲಿಂದ ತರ್ಲಿ?"

ತುಸು ಹೊತ್ತಿನ ಮೇಲೆ ಚಿಲಕ ಸರಿಯಿತು.

ಕಾರ್ಯಕರ್ತೆ ರವಿಕೆಯ ತೋಳು ಸರಿಸಿ, ಮಚ್ಚೆಯ ಬಳಿ ಹತ್ತಿಯ ಎಳೆ ಹಿಡಿದು, "ಕಣ್ಣು ಮುಚ್ಚಿ. ಮುಟ್ಟಿದಾಗ ಹೇಳಿ" ಅಂದಳು.

"ಸರಿ, ಮುಟ್ಟು."

"ಮೂರು ಸಲ ಮುಟ್ಟಿದೆನಮ್ಮ."

ಟೈಲರಮ್ಮ ಕಣ್ಣು ತೆರೆಯಲಿಲ್ಲ.

"ಕುಷ್ಠ ಇರಬಹುದು. ನಾಳೆ ಡಾಕ್ಟ್ರು ನೋಡಿ ಹೇಳ್ತಾರೆ. ಈಗ ಇದಕ್ಕೆ ಮದ್ದಿದೆ. ಆರು ತಿಂಗಳೋ ವರ್ಷವೋ ಮಾತ್ರೆ, ಪುಕ್ಕಟೆ. ಯಾರೂ ಎಳ್ಕೊಂಡು ಹೋಗಲ್ಲ, ಮನೇಲೇ ಇದ್ದು ನುಂಗೋದು."

"ಮಗು ಮುಟ್ಟಿದ್ರೆ?"

"ಮುಟ್ಟಿದ್ರೆ, ಜೊತೇಲಿ ಉಂಡ್ರೆ ಬರಲ್ಲ. ಮದ್ದಿಲ್ಲದೆ ಬಹಳ ಕಾಲ ಹತ್ತಿರ ಇದ್ರೆ ಉಸಿರಿಂದ ಹರಡಬಹುದು, ಮಾತ್ರೆ ಶುರುವಾದ್ರೆ ಅದೂ ನಿಲ್ಲುತ್ತೆ. ಆದರೂ ಮನೆಯವರೆಲ್ಲ ಒಮ್ಮೆ ತೋರಿಸ್ಕೊಳ್ಳಿ."

ಸೊಸೆ ಅತ್ತೆಯ ಸುಟ್ಟ ಕೈ ಹಿಡಿದಳು. "ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ನಮ್ಮಜ್ಜಿ ಕಾಲಕ್ಕೆ ಈ ಮಾತ್ರೆ ಇದ್ದಿದ್ರೆ..." ಟೈಲರಮ್ಮನ ಮಾತು ಅಲ್ಲಿಗೇ ನಿಂತಿತು.

ಡಾಕ್ಟರು ಕುಷ್ಠವೇ ಎಂದರು. ವರ್ಷ ಪೂರ್ತಿ ಟೈಲರಮ್ಮ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ರೋಗ ವಾಸಿಯಾಯಿತು. ಆದರೆ ಎರಡು ಬೆರಳಿಗೆ ಸ್ಪರ್ಶ ಮರಳಲಿಲ್ಲ. "ಮಚ್ಚೆ ಕಂಡಾಗಲೇ ಬರಬೇಕಿತ್ತು" ಎಂದರು ಡಾಕ್ಟರು. ಈಗ ಇಸ್ತ್ರಿ ಸೊಸೆಯ ಪಾಲು. ಬಚ್ಚಿಟ್ಟು ಕಳೆದ ಆ ಒಂದು ವರ್ಷವನ್ನು ಮಾತ್ರ ಯಾವ ಮಾತ್ರೆಯೂ ಮರಳಿ ಕೊಡಲಿಲ್ಲ.

ಅಕ್ಕ, ಅಣ್ಣ, ಇವತ್ತೇ ಮೈ ನೋಡಿಕೊಳ್ಳಿ. ಮಾಸಲು ಅಥವಾ ಕೆಂಪು ಮಚ್ಚೆ ಕಂಡು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಬೀಗದ ಕಾಲ ಮುಗಿದಿದೆ. ನಿಮ್ಮ ಚಿಲಕ ನೀವೇ ತೆಗೆಯಬೇಕು.